ರಾಜೀವನೂ ಗಡ್ಡಪ್ಪನೂ

(ಮದ್ದೂರು ತಾಲ್ಲೂಕಿನ ಓದುಗರೊಬ್ಬರು ನಮ್ಮ ಸಿನಿಮಾ ಅಂಕಣದ ಬಗ್ಗೆ ಉದ್ದನೆಯ ಪತ್ರ ಬರೆದಿದ್ದಾರೆ. ಸಾರ ಇಷ್ಟು: ‘ತಿಥಿ’ಯನ್ನು ನೀವು ಹೊತ್ತು ಮೆರೆಸಿದ್ದು ಸಾಕು. ಮಂಡ್ಯದವರೆಂದರೆ ಕುಡುಕರು, ಬಾಯಿಬಡುಕರು ಎಂದು ಹೊರದೇಶದವರಿಗೆ ತೋರಿಸಿ ಪ್ರಶಸ್ತಿ ಹೊಡೆದ ಸಿನಿಮಾ ಅದು. ಸಿನಿಮಾ ಅಂದರೆ 1972ರವು, ‘ಬಂಗಾರದ ಮನುಷ್ಯ’, ‘ನಾಗರಹಾವು’. ಮನೆಮಂದಿಯೆಲ್ಲ ಕೂತು ನೋಡಿ ಮನಸ್ಸು ತುಂಬಿಕೊಂಡು ಬರುವಂಥವು. ಈಗಿನ ರೈತನ ಪಾತ್ರಗಳ ಪಂಚೆಗೆ ಕೆಸರೇ ಅಂಟುವುದಿಲ್ಲ. ನೀವು ನಕ್ಷತ್ರ ಯಾಕೆ ಕೊಡುವುದಿಲ್ಲ? ನನ್ನ ಚಂದಾ ನಿಲ್ಲಿಸಿ.)

ಸ್ವಾಮಿ, ನಮಸ್ಕಾರ. ಪತ್ರ ಖಾರವಾಗಿದೆ, ಓದಿ ಖುಷಿಯಾಯಿತು. ಒಪ್ಪಿದ್ದು ಅರ್ಧ, ಒಪ್ಪದ್ದು ಅರ್ಧ.

ಮೊದಲು 1972ಕ್ಕೇ ಹೋಗೋಣ. ಮನಸ್ಸು ತುಂಬಿಕೊಂಡು ಬಂದೆವು ಅಂತೀರಲ್ಲ, ಯಾವ ಕೊನೆ ನೋಡಿ? ‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರಕ್ಕೆ ಹೆಗಲು ಕೊಡುತ್ತಾನೆ, ಬರಡು ನೆಲದಲ್ಲಿ ಬೆಳೆ ತೆಗೆಯುತ್ತಾನೆ, ಕೈಹಿಡಿದವಳನ್ನು ಕಳೆದುಕೊಳ್ಳುತ್ತಾನೆ. ಕಡೆಗೆ ಅದೇ ಅಕ್ಕನ ಮಗನ ಬಾಯಿಂದ ಬರಬಾರದ ಮಾತು ಕೇಳಿ ಊರು ಬಿಟ್ಟು ನಡೆದುಬಿಡುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಸಿನಿಮಾ ಇದು. ಇದನ್ನು ನೋಡಿ ಪೇಟೆ ಬಿಟ್ಟು ಬೇಸಾಯಕ್ಕೆ ನಿಂತವರಿದ್ದಾರೆ ಅನ್ನುತ್ತಾರೆ. ಅವರೆಲ್ಲ ಇಂಟರ್‌ವಲ್ಲಿಗೇ ಎದ್ದು ಬಸ್ಸು ಹತ್ತಿರಬೇಕು ಅಂತ ನನಗೊಂದು ಗುಮಾನಿ! ದುಡಿದವನಿಗೆ ದುಡಿದ ನೆಲದಲ್ಲೇ ಜಾಗವಿಲ್ಲದಂತಾಗುವ ಕಥೆಯನ್ನು ನಾವು ರೈತನ ವಿಜಯದ ಕಥೆ ಎಂದು ನೆನಪಿಟ್ಟುಕೊಂಡಿದ್ದೇವೆ. ಅದು ರಾಜಕುಮಾರ್ ಅವರ ಮುಖದ ಮಹಿಮೆಯೇ ಇರಬೇಕು.

‘ನಾಗರಹಾವು’ ಇನ್ನೂ ಕಹಿ. ನಿರ್ದೇಶಕ ಪುಟ್ಟಣ್ಣ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ನಿಮ್ಮ ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಜಲೀಲನಾಗಿ ಮೊದಲ ಸಲ ಪರದೆಗೆ ಬಂದದ್ದೂ ಅದರಲ್ಲೇ. ಚಾಮಯ್ಯ ಮೇಷ್ಟ್ರಂಥ ಹಿರಿಯರು ಈಗಿನ ಸಿನಿಮಾದಲ್ಲಿಲ್ಲ ಎಂದು ಕೊರಗಿದ್ದೀರಿ. ನನ್ನ ಅಭಿಪ್ರಾಯ ಕೇಳಿದರೆ, ನಾಯಕ ರಾಮಾಚಾರಿಯನ್ನು ಹಾಳು ಮಾಡಿದ್ದೇ ಆ ಮೇಷ್ಟ್ರ ಪ್ರೀತಿ. ಅವರ ಮಾತಿಗೆ ಕಟ್ಟುಬಿದ್ದು ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳ ಬದುಕು ಏನಾಯಿತೆಂದು ಆಮೇಲೆ ಕಣ್ಣಾರೆ ನೋಡುತ್ತಾನೆ. ಮಾರ್ಗರೆಟ್ಟಿನ ವಿಷಯಕ್ಕೂ ಮೇಷ್ಟ್ರು ಅಡ್ಡ ಬಂದಾಗ ಬೆಟ್ಟದ ಮೇಲೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಪುಟ್ಟಣ್ಣ ಮೇಷ್ಟ್ರನ್ನು ಪೂಜೆ ಮಾಡಿಸಲಿಲ್ಲ, ಗುರುಭಕ್ತಿ ಒಬ್ಬ ಹುಡುಗನಿಂದ ಎಷ್ಟು ಬೆಲೆ ವಸೂಲು ಮಾಡುತ್ತದೆಂದು ತೋರಿಸಿದರು. ಮೇಷ್ಟ್ರಾದ ಅಶ್ವತ್ಥ್ ಅವರ ದನಿಗೆ ಮರುಳಾಗಿ ನಾವು ಆ ಲೆಕ್ಕ ಮರೆತಿದ್ದೇವೆ. (ಮೂಲ ಕಾದಂಬರಿ ಬರೆದ ತ.ರಾ.ಸು. ಈ ಸಿನಿಮಾವನ್ನು ಕೇರೆಹಾವು ಅಂದರೆಂಬುದು ಪ್ರಸಿದ್ಧ. ಈ ಜಗಳದಲ್ಲಿ ನಾನು ಪುಟ್ಟಣ್ಣನ ಕಡೆ.)

ಈಗ ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿತು, ಮರುವರ್ಷ ನಮ್ಮ ಥಿಯೇಟರುಗಳಿಗೆ ಬಂತು. ನಿರ್ದೇಶಕ ರಾಮ್ ರೆಡ್ಡಿ ಹೊರಗಿನವರು, ನಿಜ. ಆದರೆ ಜೊತೆಗೆ ಕೂತು ಕಥೆ ಹೆಣೆದ ಈರೇಗೌಡರು ಹೊರಗಿನವರಲ್ಲ. ನಟಿಸಿದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಿನ ಜನ. ಪಂಚೆ, ಕೆಸರು ಎಂದು ನೀವು ಬರೆದದ್ದು ನನಗೆ ಬಹಳ ಹಿಡಿಸಿತು. ಅದೇ ಅಳತೆಗೋಲು ಹಿಡಿದು ಈ ಸಿನಿಮಾ ಅಳೆಯಿರಿ.

ನೂರು ದಾಟಿದ ಸೆಂಚುರಿಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ನಡುವೆ ಅಪ್ಪ ಗಡ್ಡಪ್ಪ ಇದ್ದಾನೆ, ಅವನಿಗೆ ಯಾವುದೂ ಬೇಡ. ಅದಕ್ಕೆ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಮಗ ಹೊರಡುತ್ತಾನೆ. ಸತ್ತವರ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಪೌತಿ ಖಾತೆಗೆ ಅಲೆದವರಿಗೆ, ಪಹಣಿಯಲ್ಲಿ ಸತ್ತವರ ಹೆಸರೇ ಉಳಿದು ಸಾಲ ಸಿಗದೆ ಒದ್ದಾಡಿದವರಿಗೆ ಇದು ತಮಾಷೆ ಅನ್ನಿಸೀತೇ? ಬಡ್ಡಿಗೆ ದುಡ್ಡು ತಂದು, ಊರಿಗೆಲ್ಲ ಬಾಡೂಟ ಹಾಕಬೇಕಾದ ತಮ್ಮಣ್ಣನ ಮುಖ ನೋಡಿ. ಹೊರದೇಶದವರನ್ನು ಮೆಚ್ಚಿಸಲು ಬರುವ ಮುಖವಲ್ಲ ಅದು.

ಗಡ್ಡಪ್ಪ ಕುಡಿಯುತ್ತಾನೆ, ಹೌದು. ಆದರೆ ಅವನು ಕುರಿಗಾಹಿಗಳ ಬೆಂಕಿಯ ಮುಂದೆ ಕೂತು ತನ್ನ ಕಥೆ ಬಿಚ್ಚುವ ರಾತ್ರಿಯ ದೃಶ್ಯವನ್ನು ನೀವು ಪತ್ರದಲ್ಲಿ ಎಲ್ಲೂ ಎತ್ತಿಲ್ಲ. ಅಪ್ಪನ ಆಸ್ತಿ ಅವನಿಗೆ ಯಾಕೆ ಬೇಡವೆಂದು ತಿಳಿಯುವುದೇ ಅಲ್ಲಿ. ದನಿ ಏರಿಸುವುದಿಲ್ಲ, ಅಳುವುದಿಲ್ಲ. ಯಾರದೋ ಮನೆಯ ಸಂಗತಿ ಹೇಳುವವನಂತೆ ಹೇಳಿಕೊಂಡು ಹೋಗುತ್ತಾನೆ. ನಟನೆ ಕಲಿತವರು ಅಷ್ಟು ಕಡಿಮೆ ಮಾಡಿ ತೃಪ್ತರಾಗುವುದು ಕಷ್ಟ. ನೆಲಕ್ಕೆ ಬೆನ್ನು ಹಾಕಿ ನಡೆಯುವುದರಲ್ಲಿ ರಾಜೀವನಿಗೂ ಗಡ್ಡಪ್ಪನಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಒಬ್ಬನನ್ನು ಮನೆಯವರೇ ನೋಯಿಸಿ ಕಳಿಸಿದರು, ಇನ್ನೊಬ್ಬ ಮೊದಲೇ ನೊಂದು ಆಚೆ ನಿಂತ. ರಾಜೀವ ಇಸ್ತ್ರಿ ಅಂಗಿಯಲ್ಲಿ ಹೋದ ಎಂಬ ಕಾರಣಕ್ಕೆ ಅವನೊಬ್ಬನೇ ನಮ್ಮವನಾದನೇ?

ಮೈಸೂರಿನ ಥಿಯೇಟರಿನಲ್ಲಿ ನಿಮ್ಮ ಹಿಂದಿನ ಸೀಟಿನವರು ಮಂಡ್ಯದ ಮಾತು ಕೇಳಿದ್ದಕ್ಕೇ ನಕ್ಕರು ಎಂದು ಬರೆದಿದ್ದೀರಿ. ನಕ್ಕಿರುತ್ತಾರೆ, ಅನುಮಾನವಿಲ್ಲ. ನಮ್ಮ ಸಿನಿಮಾ ಅವರಿಗೆ ಕಲಿಸಿದ್ದೇ ಅದು: ಹೀರೊ ಪುಸ್ತಕದ ಕನ್ನಡ ಆಡಬೇಕು, ‘ಏನ್ಲಾ, ಎತ್ಲಾಗೋದೆ’ ಅನ್ನುವುದು ಕಾಮಿಡಿಯವನ ಪಾಲು. ‘ತಿಥಿ’ಯಲ್ಲಿ ಸಾಲ ಕೇಳುವುದೂ, ಪ್ರೀತಿ ಹೇಳುವುದೂ, ಗುಟ್ಟು ಬಿಚ್ಚುವುದೂ ಅದೇ ಮಾತಿನಲ್ಲಿ. ನಗುವವರು ಅರ್ಧಕ್ಕೆ ಸುಮ್ಮನಾಗಲೇಬೇಕು. ನಿಮ್ಮ ಹಿಂದಿನವರು ಸುಮ್ಮನಾದರೋ ಇಲ್ಲವೋ ನೀವು ಬರೆದಿಲ್ಲ.

ಮಂಡ್ಯದವರನ್ನು ಆಡಿಕೊಂಡವರ ಮೇಲೆ ಸಿಟ್ಟಿದ್ದರೆ ಅದನ್ನು ‘ತಿಥಿ’ಯ ಆಮೇಲೆ ಬಂದ ಸಿನಿಮಾಗಳ ಕಡೆ ತಿರುಗಿಸಿ. ಈ ಚಿತ್ರ ಗೆದ್ದ ಮೇಲೆ ಅದೇ ಹಿರಿಯರನ್ನು ಕರೆದೊಯ್ದು, ಅದೇ ಗಡ್ಡ, ಅದೇ ಬಾಟಲಿ, ಅದೇ ಬೈಗುಳ ಇಟ್ಟು ಒಂದರ ಹಿಂದೊಂದು ಸಿನಿಮಾ ತೆಗೆದರು. ಅಲ್ಲಿ ಮನುಷ್ಯ ಇರಲಿಲ್ಲ, ಬರೀ ಗಡ್ಡ ಇತ್ತು. ಆ ಬಗ್ಗೆ ನೀವು ಪತ್ರ ಬರೆದಿದ್ದರೆ ಮುಖಪುಟದಲ್ಲೇ ಹಾಕುತ್ತಿದ್ದೆ.

ನಕ್ಷತ್ರದ ವಿಷಯ: ಕೊಡುವುದಿಲ್ಲ. ಕೊಟ್ಟರೆ ಅದನ್ನಷ್ಟೇ ಎಣಿಸಿ ಪುಟ ತಿರುವುತ್ತಾರೆ, ನಿಮ್ಮಂತೆ ಬೈದು ಬರೆಯುವವರು ಸಿಗುವುದಿಲ್ಲ.

ಚಂದಾ ನಿಲ್ಲಿಸುವಂತೆ ವಿಭಾಗಕ್ಕೆ ಹೇಳಿದ್ದೇನೆ. ವರ್ಷದ ಹಣ ಮುಂಚೆಯೇ ಕಟ್ಟಿದ್ದೀರಿ, ಉಳಿದ ಸಂಚಿಕೆಗಳು ಬಂದೇ ಬರುತ್ತವೆ. ಅಷ್ಟರೊಳಗೆ ಆ ಬೆಂಕಿಯ ದೃಶ್ಯ ಇನ್ನೊಮ್ಮೆ ನೋಡಿ, ಆಗಲೂ ಸರಿಬರದಿದ್ದರೆ ಯಾಕೆಂದು ಬರೆಯಿರಿ. ಎರಡು ಪುಟ ಬಿಟ್ಟಿರುತ್ತೇನೆ.

— ಸಂ.