ಮಧುಗಿರಿ ಬೆಟ್ಟ ಹತ್ತುವವರ ಚೀಲದಲ್ಲಿ ತುರ್ತಿಗೆಂದು ಏನಿರಬೇಕು?

ತುಮಕೂರು ಜಿಲ್ಲೆಯ ಮಧುಗಿರಿ ಏಕಶಿಲಾ ಬೆಟ್ಟಕ್ಕೆ ಬೇಸಿಗೆಯಲ್ಲಿ ಹೋಗುವವರು ಚಾಕು, ಹಗ್ಗ, ಹಾವು ಕಚ್ಚಿದಾಗ ವಿಷ ಹೀರುವ ಪಂಪು ಮುಂತಾದವನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಒಂದು ದಿನದ ಚಾರಣಕ್ಕೆ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ನೀರು. ನೆರಳಿಲ್ಲದ ಬೋಳು ಬಂಡೆ ಕಾದು ಕೆಳಗಿನಿಂದಲೂ ಶಾಖ ತಟ್ಟುವುದರಿಂದ, ಒಬ್ಬೊಬ್ಬರೂ ಕನಿಷ್ಠ 3 ಲೀಟರ್ ನೀರನ್ನೂ ಓಆರ್‌ಎಸ್ ಪೊಟ್ಟಣಗಳನ್ನೂ ಒಯ್ಯುವುದು ಒಳ್ಳೆಯದು. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿನಲ್ಲಿ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು, ಚಮಚದಲ್ಲಿ ಗೋಪುರವೇಳದಂತೆ ಸಮತಟ್ಟಾಗಿ ಅಳೆದು ಕರಗಿಸಿಕೊಳ್ಳಬಹುದು. ಜೊತೆಯಲ್ಲಿರುವವರು ಬಿಸಿಲಿನಲ್ಲಿ ತೊದಲಲು ಅಥವಾ ಅಸಂಬದ್ಧವಾಗಿ ಮಾತನಾಡಲು ಆರಂಭಿಸಿದರೆ ಅದನ್ನು ಆಯಾಸವೆಂದು ಕಡೆಗಣಿಸಬೇಡಿ, ಅದು ಪ್ರಾಣಕ್ಕೇ ಎರವಾಗಬಲ್ಲ ಶಾಖಾಘಾತವಾಗಿರಬಹುದು. ಕೂಡಲೇ ನೆರಳಿಗೆ ತಂದು, ಮೈ ತೋಯಿಸಿ, ಗಾಳಿ ಬೀಸುತ್ತಾ 112ಕ್ಕೆ ಕರೆ ಮಾಡಬೇಕು; ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಲೇಬಾರದು.

ವಿಷ ಹೀರುವ ಪಂಪು ಖಂಡಿತ ಬೇಡ. ಅದರಿಂದ ಪ್ರಯೋಜನವಿಲ್ಲ, ಗಾಯ ಹೆಚ್ಚುತ್ತದೆ, ಅಮೂಲ್ಯವಾದ ಸಮಯವೂ ಹಾಳಾಗುತ್ತದೆ. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕಚ್ಚಿದ ಅಂಗ ಅಲುಗದಂತೆ ದಬ್ಬೆ ಕಟ್ಟಿ, ಸಾಧ್ಯವಾದಷ್ಟೂ ನಡೆಸದೆ ಹೊತ್ತುಕೊಂಡು ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು.

ಇನ್ನುಳಿದಂತೆ ಟಾರ್ಚ್, ಪವರ್ ಬ್ಯಾಂಕ್, ಗಾಯಕ್ಕೆ ಸುತ್ತುವ ಬಟ್ಟೆ, ಮತ್ತು ಕೂಗಿ ದಣಿಯದೆ ದೂರಕ್ಕೆ ಸುದ್ದಿ ಮುಟ್ಟಿಸಲು ಒಂದು ಸೀಟಿ ಸಾಕು. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ನಂತರ ಗುಡುಗು ಕೇಳಿಸಿದರೆ ತುದಿ ಮುಟ್ಟುವ ಆಸೆ ಬಿಟ್ಟು, ಬಂಡೆ ಒದ್ದೆಯಾಗುವ ಮೊದಲೇ ಇಳಿಯಲು ತೊಡಗಿ.