ರಾಷ್ಟ್ರಪತಿಯ ಹೆಂಡತಿಗೋ ಗಂಡನಿಗೋ ಸ್ವಂತ ಕೆಲಸ ಅಂತ ಏನಾದರೂ ಇರುತ್ತದೆಯಾ?

ನೀವು ಮೂರು ವಿಷಯ ಕೇಳಿದ್ದೀರಿ. ರಾಷ್ಟ್ರಪತಿಯ ಹೆಂಡತಿಗೋ ಗಂಡನಿಗೋ ಸಂಬಳ ಇದೆಯಾ? ಅವರು ಅಲ್ಲಿಯವರೆಗೆ ಮಾಡುತ್ತಿದ್ದ ಕೆಲಸ ಏನಾಗುತ್ತದೆ? ಅಥವಾ ಸುಮ್ನೆ ಪಕ್ಕದಲ್ಲಿ ನಿಲ್ಲುವುದಷ್ಟೇನಾ?

ಸಂಬಳದ್ದು ಮೊದಲು ಹೇಳಿಬಿಡುತ್ತೇನೆ. ಇಲ್ಲ. ರಾಷ್ಟ್ರಪತಿಗೆ ತಿಂಗಳಿಗೆ 5 ಲಕ್ಷ ರೂಪಾಯಿ ಸಂಬಳ. ಜೊತೆಗಿರುವವರಿಗೆ ಒಂದು ರೂಪಾಯಿಯೂ ಇಲ್ಲ. ಸಂವಿಧಾನದಲ್ಲಿ ಅವರಿಗೊಂದು ಹುದ್ದೆಯೇ ಇಲ್ಲ. 'ಪ್ರಥಮ ಮಹಿಳೆ' ಅನ್ನುವುದು ರೂಢಿಯ ಮಾತು. ರಾಷ್ಟ್ರಪತಿ ತೀರಿಕೊಂಡರೆ ಅವರ ಪಿಂಚಣಿಯಲ್ಲಿ ಅರ್ಧದಷ್ಟು ಕುಟುಂಬ ಪಿಂಚಣಿ ಬರುತ್ತದೆ, ವೈದ್ಯಕೀಯ ಸೌಲಭ್ಯ ಇರುತ್ತದೆ.

ಇನ್ನು ಕೆಲಸದ ವಿಷಯ. ಇದಕ್ಕೆ ಉತ್ತರ ಬರೆಯಬೇಕು ಅನಿಸಿದ್ದಕ್ಕೆ ಕಾರಣ ಇದೆ. ನಾನು ಬೆಂಗಳೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. 1983ರಲ್ಲಿ ಸೇರಿದೆ. 2017ರ ಜುಲೈನಲ್ಲಿ ರಾಮನಾಥ್ ಕೋವಿಂದ್ ರಾಷ್ಟ್ರಪತಿಯಾಗಿ ಗೆದ್ದಾಗ ನಮ್ಮ ಆಫೀಸಿನಲ್ಲಿ ಯಾರೋ ಪೇಪರ್ ಹಿಡಿದುಕೊಂಡು ಓಡಿ ಬಂದರು. "ಅವರ ಮನೆಯವರು ನಮ್ಮವರೇ ಕಣ್ರೇ! ಟೆಲಿಫೋನ್ಸ್‌ನಲ್ಲಿ ಇದ್ದವರು!" ಅವತ್ತು ಕ್ಯಾಂಟೀನಿನಿಂದ ಎಲ್ಲರಿಗೂ ಕೇಸರಿಬಾತ್ ತರಿಸಿದೆವು. ರಾಜಕೀಯ ಯಾರಿಗೂ ಬೇಕಿರಲಿಲ್ಲ. ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದ ಒಬ್ಬ ಹೆಂಗಸು ರಾಷ್ಟ್ರಪತಿ ಭವನಕ್ಕೆ ಹೋಗುತ್ತಿದ್ದಾರಲ್ಲ, ಅದೇ ಖುಷಿ.

ಸವಿತಾ ಕೋವಿಂದ್ ಕೆಲಸ ಮಾಡಿದ್ದು ದಿಲ್ಲಿಯ ಸರ್ಕಾರಿ ಟೆಲಿಫೋನ್ ಕಂಪನಿ ಎಂಟಿಎನ್‌ಎಲ್‌ನಲ್ಲಿ. ಆಗ ದಿಲ್ಲಿ, ಮುಂಬೈಗೆ ಎಂಟಿಎನ್‌ಎಲ್, ನಮಗೆಲ್ಲ ಆಮೇಲೆ ಬಿಎಸ್‌ಎನ್‌ಎಲ್. ಹೆಸರು ಬೇರೆ, ಕೆಲಸ ಒಂದೇ. ಆಪರೇಟರ್ ಆಗಿ ಸೇರಿ, ಚೀಫ್ ಸೆಕ್ಷನ್ ಸೂಪರ್‌ವೈಸರ್ ಆಗಿ, 2005ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿ. ಅವರ ಯಜಮಾನರು 1994ರಿಂದಲೇ ರಾಜ್ಯಸಭೆಯ ಸದಸ್ಯರು. ಅಂದರೆ ಗಂಡ ಸಂಸತ್ತಿನಲ್ಲಿ ಇರುವಾಗಲೂ ಹತ್ತು ವರ್ಷಕ್ಕಿಂತ ಜಾಸ್ತಿ ಈಕೆ ಕೆಲಸ ಬಿಟ್ಟಿರಲಿಲ್ಲ. ನನಗೆ ಇದು ದೊಡ್ಡ ವಿಷಯ.

ಆ ಕೆಲಸ ಎಂಥದ್ದು ಅಂತ ಈಗಿನವರಿಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಆಗ ಬೇರೆ ಊರಿಗೆ ಮಾತಾಡಬೇಕಾದರೆ 180ಕ್ಕೆ ಫೋನ್ ಮಾಡಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಬಗೆ. ಲೈಟ್ನಿಂಗ್‌ಗೆ ಎಂಟು ಪಟ್ಟು ದುಡ್ಡು. ಇಂಥವರೇ ಲೈನಿಗೆ ಬರಬೇಕು ಅಂದರೆ ಅದು ಪಿ.ಪಿ. ಕಾಲ್. ಮೂರು ನಿಮಿಷಕ್ಕೊಮ್ಮೆ ನಾವು ನಡುವೆ ಬಂದು ಹೇಳಬೇಕು, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಷ್ಟೋ ಮನೆಗಳ ಸಾವಿನ ಸುದ್ದಿ, ಹೆರಿಗೆಯ ಸುದ್ದಿ ಮನೆಯವರಿಗಿಂತ ಮೊದಲು ನಮ್ಮ ಕಿವಿಗೆ ಬಿದ್ದಿದೆ. ಹೊರಗೆ ಬಂದು ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ. ಸಾವಿನ ಕಾಲ್ ಅಂತ ಗೊತ್ತಾದರೆ ಆರ್ಡಿನರಿ ಆದರೂ ಹೇಗೋ ಮಾಡಿ ಮುಂದೆ ಹಾಕುತ್ತಿದ್ದೆವು. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಸ್ಸಿನಲ್ಲಿ ಮನೆಗೆ ಬಂದು ಮಕ್ಕಳಿಗೆ ಡಬ್ಬಿ ಕಟ್ಟುತ್ತಿದ್ದೆ. ಇಷ್ಟೆಲ್ಲ ಆದ ಮೇಲೂ ನೆಂಟರ ಬಾಯಲ್ಲಿ ಅದು 'ಫೋನ್ ಎತ್ತೋ ಕೆಲಸ'.

ಇದನ್ನೆಲ್ಲ ಮಾಡಿದ ಹೆಂಗಸು ವಿದೇಶದ ಅಧ್ಯಕ್ಷರು ಬಂದಾಗ ಔತಣಕೂಟದಲ್ಲಿ ನಗುತ್ತಾ ನಿಂತಿದ್ದರೆ, ನೋಡುವವರು ಸೀರೆ ಯಾವುದು ಅಂತ ಕೇಳುತ್ತಾರೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ರಾಷ್ಟ್ರಪತಿ ಭವನದ ಆವರಣದ ಶಕ್ತಿ ಹಾಟ್‌ನಲ್ಲಿ ಸವಿತಾ ಅವರು ಹೊಲಿಗೆ ಮೆಷಿನ್ ಮುಂದೆ ಕೂತು ಮಾಸ್ಕ್ ಹೊಲಿದ ಫೋಟೋ ಬಂತು. ನಿರಾಶ್ರಿತರ ತಂಗುದಾಣಗಳಿಗೆ ಕೊಡಲು ಹೊಲಿದದ್ದು. ತಾವೂ ಮಾಸ್ಕ್ ಹಾಕಿಕೊಂಡು, ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಆ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ.

ಎರಡನೆಯವರು ಉಷಾ ನಾರಾಯಣನ್, ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರ ಹೆಂಡತಿ. ಅವರ ಕಥೆ ಗೊತ್ತಿರುವವರು ಕಡಿಮೆ. ಹುಟ್ಟಿದ್ದು ಬರ್ಮಾದಲ್ಲಿ, ಹೆಸರು ಟಿಂಟ್ ಟಿಂಟ್. ಕೆ.ಆರ್. ನಾರಾಯಣನ್ ವಿದೇಶಾಂಗ ಸೇವೆಯಲ್ಲಿ ರಂಗೂನ್‌ನಲ್ಲಿದ್ದಾಗ ಪರಿಚಯ ಆಯಿತು. ವಿದೇಶಾಂಗ ಅಧಿಕಾರಿ ಹೊರದೇಶದವರನ್ನು ಮದುವೆ ಆಗುವ ಹಾಗಿರಲಿಲ್ಲ. ಪ್ರಧಾನಿ ನೆಹರೂ ವಿಶೇಷ ಅನುಮತಿ ಕೊಟ್ಟ ಮೇಲೆ 1951ರ ಜೂನ್ 8ರಂದು ದಿಲ್ಲಿಯಲ್ಲಿ ಮದುವೆ. ಹೆಸರು ಉಷಾ ಆಯಿತು, ದೇಶವೂ ಬದಲಾಯಿತು. ಆದರೆ ಅವರು ಬರೀ ರಾಯಭಾರಿಯ ಹೆಂಡತಿಯಾಗಿ ಉಳಿಯಲಿಲ್ಲ. ದಿಲ್ಲಿಯಲ್ಲಿ ಸಮಾಜಕಾರ್ಯ ಓದಿ ಸ್ನಾತಕೋತ್ತರ ಪದವಿ ಪಡೆದಿದ್ದರು. ಬರ್ಮೀ ಕಥೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿದರು. ತವರಿನ ಹೆಸರು ಬಿಟ್ಟರೂ ತವರಿನ ಮಾತು ಬಿಡಲಿಲ್ಲ ಅಲ್ವಾ. 1997ರಿಂದ 2002ರವರೆಗೆ ರಾಷ್ಟ್ರಪತಿ ಭವನದಲ್ಲಿದ್ದರು. 2008ರ ಜನವರಿಯಲ್ಲಿ ತೀರಿಕೊಂಡರು.

ಮದುವೆಗೆ ಸರ್ಕಾರದ ಒಪ್ಪಿಗೆ ಅಂದಾಗ ನನಗೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ನೆನಪಾಗುತ್ತಾರೆ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ತೊಂದರೆ ಅನಿಸಿದರೆ ರಾಜೀನಾಮೆ ಕೇಳಬಹುದು ಅಂತ ನಿಯಮವೇ ಇತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಇದು ನಿಮ್ಮ ಪ್ರಶ್ನೆಯಿಂದ ಸ್ವಲ್ಪ ಆಚೆ ಹೋಯಿತು. ಆದರೆ ಯಾರ ಕೆಲಸ ಉಳಿಯಬೇಕು, ಯಾರದ್ದು ಹೋಗಬೇಕು ಅನ್ನುವುದು ಬರೀ ರಾಷ್ಟ್ರಪತಿ ಭವನದ ವಿಷಯ ಅಲ್ಲ.

ಗಂಡಸರಿಗೆ ಹೇಗೆ ಅಂದರೆ, ನಮ್ಮಲ್ಲಿ ಒಬ್ಬರೇ. ಪ್ರತಿಭಾ ಪಾಟೀಲ್ ಅವರ ಪತಿ ದೇವಿಸಿಂಗ್ ಶೇಖಾವತ್. ಶಿಕ್ಷಣ ಕ್ಷೇತ್ರದವರು, ಅಮರಾವತಿಯ ಮೇಯರ್ ಆಗಿದ್ದವರು, ಶಾಸಕರೂ ಆಗಿದ್ದವರು. 2023ರಲ್ಲಿ ತೀರಿಕೊಂಡರು. ಅವರನ್ನು ಏನೆಂದು ಕರೆಯಬೇಕು ಅಂತ ಪೇಪರಿನವರು ತಡಕಾಡಿದ್ದು ನೆನಪಿದೆ. ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಪತಿ ಬ್ಯಾಂಕ್ ಕೆಲಸದಲ್ಲಿದ್ದರು. ಅವರು 2014ರಲ್ಲೇ ತೀರಿಹೋದರು. ಆ ಜಾಗ ಈಗ ಖಾಲಿ.

ಕೆಲಸಕ್ಕೆ ವಾಪಸ್ ಹೋದವರು ಇದ್ದಾರಾ? ಇದ್ದಾರೆ. ಜರ್ಮನಿಯ ಅಧ್ಯಕ್ಷರೂ ನಮ್ಮ ರಾಷ್ಟ್ರಪತಿಯ ಹಾಗೆ ಹೆಚ್ಚಾಗಿ ಗೌರವದ ಹುದ್ದೆಯವರು. ಅಧ್ಯಕ್ಷ ಸ್ಟೈನ್‌ಮೈಯರ್ ಅವರ ಹೆಂಡತಿ ಎಲ್ಕೆ ಬ್ಯೂಡೆನ್‌ಬೆಂಡರ್ ಬರ್ಲಿನ್‌ನಲ್ಲಿ ನ್ಯಾಯಾಧೀಶೆ. 2010ರಲ್ಲಿ ಗಂಡನಿಗೆ ತಮ್ಮ ಒಂದು ಕಿಡ್ನಿ ಕೊಟ್ಟವರು. 2017ರಲ್ಲಿ ಗಂಡ ಅಧ್ಯಕ್ಷರಾದಾಗ ಕೋರ್ಟಿನಿಂದ ರಜೆ ತೆಗೆದುಕೊಂಡರು. 2022ರಲ್ಲಿ ಗಂಡ ಎರಡನೇ ಸಲ ಆಯ್ಕೆ ಆದ ಮೇಲೆ ಮತ್ತೆ ತಮ್ಮ ಕೋರ್ಟಿಗೆ ಹೋದರು. ಗಂಡ ಅಧ್ಯಕ್ಷರಾಗಿ ಇರುವಾಗಲೇ. ನಮ್ಮಲ್ಲೂ ಹೀಗೆ ಆಗಬೇಕು ಅಂತ ನನ್ನ ಆಸೆ. ಕಾನೂನಿನಲ್ಲಿ ಅಡ್ಡಿ ಇಲ್ಲ. ಭದ್ರತೆ, ಪ್ರೋಟೊಕಾಲ್, ಜನ ಏನಂತಾರೋ ಅನ್ನುವುದು, ಇವೇ ಅಡ್ಡಿ.

ನಮ್ಮ ಮನೆಯವರು ಬಡಾವಣೆಯ ಕನ್ನಡ ಸಂಘಕ್ಕೆ ಎರಡು ವರ್ಷ ಗೌರವಾಧ್ಯಕ್ಷರಾಗಿದ್ದರು. ರಾಜ್ಯೋತ್ಸವದ ದಿನ ನನ್ನನ್ನೂ ವೇದಿಕೆಗೆ ಕರೆದು 'ಅಧ್ಯಕ್ಷರ ಧರ್ಮಪತ್ನಿ' ಅಂತ ಶಾಲು ಹೊದಿಸಿದರು. ಪ್ರೀತಿಯಿಂದಲೇ ಮಾಡಿದರು, ಇಲ್ಲ ಅನ್ನಲ್ಲ. ಎರಡನೇ ವರ್ಷ ನಾನೇ ಮೊದಲೇ ಹೋಗಿ ನಿರೂಪಣೆ ಮಾಡುವ ಹುಡುಗಿಗೆ ಚೀಟಿ ಬರೆದುಕೊಟ್ಟೆ. ನನ್ನ ಹೆಸರು, ಕೆಳಗೆ 'ನಿವೃತ್ತ ಟೆಲಿಫೋನ್ ಆಪರೇಟರ್, 37 ವರ್ಷ ಸೇವೆ'. ಅವಳು ಹಾಗೆಯೇ ಓದಿದಳು.

ನಾನು ಕೆಲಸ ಬಿಟ್ಟದ್ದು 2020ರ ಜನವರಿ 31ಕ್ಕೆ. ದೇಶದಲ್ಲೆಲ್ಲ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ಜನ ಅದೇ ದಿನ ಸ್ವಯಂ ನಿವೃತ್ತಿ ತೆಗೆದುಕೊಂಡರು. ಆ ಜರ್ಮನ್ ನ್ಯಾಯಾಧೀಶೆಗೆ ವಾಪಸ್ ಹೋಗಲು ಒಂದು ಕೋರ್ಟ್ ಇತ್ತು. ಸವಿತಾ ಅವರು 2022ರಲ್ಲಿ ರಾಷ್ಟ್ರಪತಿ ಭವನದಿಂದ ಹೊರಗೆ ಬರುವ ಹೊತ್ತಿಗೆ ನಾವು ಕಾಲ್ ಜೋಡಿಸುತ್ತಿದ್ದ ಟ್ರಂಕ್ ಬೋರ್ಡು ಎಲ್ಲೂ ಉಳಿದಿರಲಿಲ್ಲ. ನಮ್ಮಲ್ಲಿ ಬೋರ್ಡು ಇದ್ದ ಹಾಲ್‌ನಲ್ಲಿ ಈಗ ಹಳೇ ಫೈಲು ಜೋಡಿಸಿದ್ದಾರೆ. ನೆಲದ ಮೇಲೆ ನಮ್ಮ ಕುರ್ಚಿಗಳು ಸವೆಸಿದ ಗುರುತು ಮಾತ್ರ ಹಾಗೇ ಇದೆ, ಸಾಲಾಗಿ.