ಸಂಪಾದಕರ ಉತ್ತರ: ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ತಾಯಿಗೆ 61 ವರ್ಷ. ಒಂದೂವರೆ ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಈಗ ಸಿ.ಟಿ. ಸ್ಕ್ಯಾನ್‌ನಲ್ಲಿ ಲಿವರ್‌ನೊಳಗೆ ಮೂರು ಗಂಟು ಕಂಡಿವೆ. ಬೇರೆಲ್ಲೂ ಇಲ್ಲ. ಒಬ್ಬ ಡಾಕ್ಟರು "ನಾಲ್ಕನೇ ಸ್ಟೇಜ್, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದರಂತೆ. ಇನ್ನೊಬ್ಬರು ಆಪರೇಷನ್ ಮಾಡಬಹುದೇನೋ ಎಂದರಂತೆ. "ಅರ್ಧ ಲಿವರ್ ತೆಗೆದರೆ ಮನುಷ್ಯ ಬದುಕ್ತಾನಾ? ಹೋಗುವುದಾದರೆ ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಹೋಗಬಹುದಾ? ಅಮ್ಮನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ." ಇದು ಪತ್ರದ ಸಾರ.

ಪ್ರಿಯರೇ,

ನಾನು ಡಾಕ್ಟರಲ್ಲ. ಆದರೆ ನಮ್ಮ ಚಿಕ್ಕಪ್ಪನ ಫೈಲು ಇದೇ ಮಾತು ಕೇಳಿ ನಾಲ್ಕು ತಿಂಗಳು ಬೀರುವಿನಲ್ಲಿ ಕೂತಿತ್ತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾಲ್ಕನೇ ಸ್ಟೇಜ್ ಅನ್ನುವುದು ಸುಳ್ಳಲ್ಲ. ಹುಟ್ಟಿದ ಜಾಗ ಬಿಟ್ಟು ದೂರದ ಅಂಗಕ್ಕೆ ಹರಡಿದರೆ ಹಾಗೇ ಕರೆಯುತ್ತಾರೆ. ಆದರೆ ಕರುಳಿನ ಕ್ಯಾನ್ಸರ್ ಲಿವರ್‌ಗೆ ಮಾತ್ರ ಬಂದಿದ್ದರೆ ಲೆಕ್ಕ ಬೇರೆ. ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರ್‌ಗೆ ಹೋಗುತ್ತದೆ. ಜೊತೆಗೆ ಬಂದ ಕ್ಯಾನ್ಸರ್ ಕಣಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕೆಲವರಲ್ಲಿ ರೋಗ ಅಲ್ಲಿಂದ ಮುಂದಕ್ಕೆ ಹೋಗಿರುವುದಿಲ್ಲ. ಅಂಥವರಿಗೆ ಕತ್ತರಿಸಿ ತೆಗೆಯುವ ದಾರಿ ಇದೆ. ಜಠರದ ಕ್ಯಾನ್ಸರ್, ಮೇದೋಜೀರಕದ ಕ್ಯಾನ್ಸರ್ ಲಿವರ್‌ಗೆ ಬಂದಾಗ ಸಾಮಾನ್ಯವಾಗಿ ಈ ದಾರಿ ಇಲ್ಲ. ಪಕ್ಕದ ಮನೆಯವರ ಕಥೆ ಕೇಳಿ ಹೆದರಬೇಡಿ, ಆಸೆಯೂ ಪಡಬೇಡಿ.

ಅರ್ಧ ಲಿವರ್ ತೆಗೆದರೆ ಬದುಕುತ್ತಾರಾ? ಬದುಕುತ್ತಾರೆ. ಲಿವರ್ ಮತ್ತೆ ಬೆಳೆಯುತ್ತದೆ. ಗಿಡ ಸವರಿದ ಜಾಗದಲ್ಲಿ ಚಿಗುರು ಬರುವ ಹಾಗಲ್ಲ, ಉಳಿದ ಭಾಗವೇ ಕೆಲವು ವಾರಗಳಲ್ಲಿ ದಪ್ಪವಾಗಿ ಕೆಲಸ ವಹಿಸಿಕೊಳ್ಳುತ್ತದೆ. ಲಿವರನ್ನು ಎಂಟು ಭಾಗಗಳಾಗಿ ಲೆಕ್ಕ ಹಾಕುತ್ತಾರೆ. ಒಂದೊಂದಕ್ಕೂ ತನ್ನದೇ ರಕ್ತನಾಳದ ಕವಲಿದೆ, ಅದಕ್ಕೇ ಬೇಕಾದಷ್ಟನ್ನೇ ತೆಗೆಯಲು ಆಗುತ್ತದೆ. ಹಿಂದೆ ಮೂರು ಗಂಟಿಗಿಂತ ಜಾಸ್ತಿ ಇದ್ದರೆ ಕೈ ಹಾಕುತ್ತಿರಲಿಲ್ಲ. ಈಗ ಸರ್ಜನ್ ನೋಡುವುದು ಉಳಿಯುವ ಭಾಗವನ್ನು. ಆರೋಗ್ಯದ ಲಿವರ್ ಆದರೆ ಶೇ. 20ರಿಂದ 25ರಷ್ಟು ಉಳಿದರೂ ಸಾಕು. ತುಂಬ ಕೀಮೋ, ಅಂದರೆ ಕ್ಯಾನ್ಸರ್ ಕಣ ಕೊಲ್ಲುವ ಔಷಧಿ, ಆಗಿದ್ದರೆ ಸುಮಾರು ಶೇ. 30 ಬೇಕು. ಲಿವರ್ ಗಾಯಗಟ್ಟಿ ಗಡುಸಾಗುವ ಸಿರೋಸಿಸ್ ಇದ್ದರೆ ಶೇ. 40. ಅಷ್ಟು ಉಳಿಯದು ಅನ್ನಿಸಿದರೆ ಇನ್ನೊಂದು ಉಪಾಯವಿದೆ. ತೆಗೆಯಬೇಕಾದ ಕಡೆಯ ರಕ್ತನಾಳವನ್ನು ಮೊದಲೇ ಮುಚ್ಚುತ್ತಾರೆ. ರಕ್ತವೆಲ್ಲ ಇನ್ನೊಂದು ಕಡೆಗೆ ತಿರುಗಿ, ನಾಲ್ಕಾರು ವಾರದಲ್ಲಿ ಆ ಕಡೆ ಬೆಳೆಯುತ್ತದೆ. ಗದ್ದೆಗೆ ನೀರು ತಿರುಗಿಸಿದ ಹಾಗೇ, ಅಲ್ವಾ? ಆಮೇಲೆ ಆಪರೇಷನ್. ಸಣ್ಣ ಗಂಟಾದರೆ ಸೂಜಿ ಚುಚ್ಚಿ ಮೈಕ್ರೋವೇವ್ ಶಾಖದಿಂದ ಸುಡುವುದೂ ಇದೆ.

ಆಸೆ ಹುಟ್ಟಿಸಿ ಸುಮ್ಮನಿರುವುದು ಸರಿಯಲ್ಲ. ಹೀಗೆ ಲಿವರ್‌ಗೆ ಹರಡಿದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಮೊದಲಿಗೇ ಆಪರೇಷನ್ ಆಗುತ್ತದೆ. ಕೀಮೋದಿಂದ ಗಂಟು ಕುಗ್ಗಿ ಇನ್ನು ಕೆಲವರು ಆ ಪಟ್ಟಿಗೆ ಬರುತ್ತಾರೆ. ಆಪರೇಷನ್ ಆದ 100 ಜನರಲ್ಲಿ ಸುಮಾರು 40 ಜನ ಐದು ವರ್ಷ ದಾಟುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ರೋಗ ಮರಳಿ ಬರುತ್ತದೆ, ಕೆಲವರಿಗೆ ಎರಡನೇ ಸಲವೂ ಆಪರೇಷನ್ ಮಾಡುತ್ತಾರೆ. ರಕ್ತಸ್ರಾವ, ಪಿತ್ತ ಸೋರುವುದು, ಉಳಿದ ಲಿವರ್ ಸೋತುಹೋಗುವುದು, ಈ ಅಪಾಯಗಳೂ ಇವೆ. ಹಾಗಾಗಿ ಇಂಥ ಕೆಲಸ ಪದೇ ಪದೇ ಮಾಡುವ ಆಸ್ಪತ್ರೆಗೇ ಹೋಗಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಿಮಗೆ ಗೊತ್ತಿರುತ್ತದೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕಾರ್ಡ್ ತಗೊಂಡೇ ಹೊರಡಿ.

ಈಗ ಕೊಯ್ಲಿನ ಮಾತು. ಕೆಲವೊಮ್ಮೆ ಎರಡು ಮೂರು ತಿಂಗಳು ಕೀಮೋ ಕೊಟ್ಟೇ ಆಪರೇಷನ್ ಮಾಡುವುದರಿಂದ, ಕತ್ತರಿ ಹಾಕುವ ದಿನ ಮಾರ್ಚ್ ಆದರೂ ಆದೀತು. ಸ್ಕ್ಯಾನ್ ತೋರಿಸುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಅದೂ ಕೀಮೋ ಶುರುವಾಗುವ ಮುಂಚೆಯೇ ಲಿವರ್ ಸರ್ಜನ್‌ಗೆ ತೋರಿಸಿ. ಕೀಮೋದಲ್ಲಿ ಗಂಟು ಸ್ಕ್ಯಾನ್‌ನಿಂದಲೇ ಮಾಯವಾಗಬಹುದು. ಕೇಳಲು ಚೆನ್ನಾಗಿದೆ. ಆದರೆ ಕಾಣದಿದ್ದರೂ ಕ್ಯಾನ್ಸರ್ ಅಲ್ಲೇ ಉಳಿದಿರುವುದುಂಟು, ಎಲ್ಲಿತ್ತು ಎಂದು ಹುಡುಕುವುದೇ ಕಷ್ಟವಾಗುತ್ತದೆ. ಕೀಮೋ ಉದ್ದವಾದಷ್ಟೂ ಲಿವರ್ ಹಾಳಾಗುವುದು ಬೇರೆ. ರಿಪೋರ್ಟ್ ಹಾಳೆ ಒಂದೇ ಸಾಲದು, ಸಿ.ಟಿ.ಯ ಸಿ.ಡಿ.ಯನ್ನೂ ಒಯ್ಯಿರಿ.

ನಮ್ಮ ಕಡೆ ಲಿವರ್ ಅಂದ ಕೂಡಲೇ ಯಾರಾದರೂ ನೆಲನೆಲ್ಲಿ ಕಷಾಯ ತಂದುಕೊಡುತ್ತಾರೆ. ಏನೇ ಕುಡಿಸಿದ್ದರೂ ಡಾಕ್ಟರಿಗೆ ಮುಚ್ಚಿಡಬೇಡಿ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ನೆಂಟರಿಗೆ ಉತ್ತರ ಕೊಡುತ್ತಾ ಕೂರಬೇಡಿ.

ಕೊನೆಯದಾಗಿ, ಆ ಗ್ಯಾಸ್ಟ್ರಿಕ್ ವಿಷಯ. ನಿಮ್ಮ ಅಮ್ಮ ಒಂದು ಸಲ ಕರುಳಿನ ಆಪರೇಷನ್ ಮುಗಿಸಿದವರು, ಅವರಿಗೆ ಗುಮಾನಿ ಬಂದಿರುವುದಿಲ್ಲ ಎಂದುಕೊಂಡಿದ್ದೀರಾ? ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಹೇಳಿಬಿಡಿ. ಆಪರೇಷನ್ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ.